ಅಕ್ಕನ ಎಲೆಗೆ ಗಂಜಿ

ಕಮಲಕ್ಕಾ,

ನಿನ್ನೆ ನಿನಗೆ ಬಡಿಸಿದ ಎಲೆಯನ್ನು ನಾನೇ ಎಳೆದು ತೆಗೆದೆ. ನೀನು ಉಣ್ಣುವುದಕ್ಕೆ ಮೊದಲೇ. ತೀರಿಹೋದವರಿಗೆಂದು ಮಳೆಗಾಲದ ಆಟಿ ತಿಂಗಳಲ್ಲಿ ಬಡಿಸಿದ ಎಲೆಗೆ ಹಾಗೆ ಕೈ ಹಾಕಿದವರು ನಮ್ಮ ಕುಟುಂಬದಲ್ಲಿ ಯಾರೂ ಇಲ್ಲವಂತೆ. ಚಿಕ್ಕಮ್ಮ ಅಷ್ಟು ಹೇಳಿ ಊಟ ಮಾಡದೆ ಹೋದರು. ಹೋಗಲಿ. ನೀನಾದರೂ ಪೂರ್ತಿ ಕೇಳು. ಬದುಕಿದ್ದಾಗ ಎಲ್ಲರ ಮಾತನ್ನೂ ಕೇಳಿದವಳಲ್ಲವೇ ನೀನು?

ಕಡಬದ ನಮ್ಮ ಹೋಟೆಲಿನ ಒಲೆಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ನೀನು ತಣಿದ ಗೋಳಿಬಜೆ ತಿನ್ನುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಮೈದಾದ ಗೋಳಿಬಜೆ, ಮೈದಾದ ಬನ್ಸ್. ಗಿರಾಕಿಗಳಿಗೆ ಹೋಗದೆ ಉಳಿದದ್ದು ನಮ್ಮ ಪಾಲು. ನನಗೇನೂ ಆಗುತ್ತಿರಲಿಲ್ಲ. ನೀನು ಮಾತ್ರ ಹೊಟ್ಟೆ ಹಿಡಿದುಕೊಂಡು ಗುಡ್ಡೆಯ ಕಡೆಗೆ ಓಡುತ್ತಿದ್ದೆ. ಕೈಕಾಲು ಕಡ್ಡಿ, ಹೊಟ್ಟೆ ಉಬ್ಬರ. ಹೆಣ್ಣು ನೋಡಲು ಬಂದವರು ಚಾ ಕುಡಿದು, ಜಗಲಿ ಇಳಿಯುವ ಮೊದಲೇ "ಹುಡುಗಿಗೆ ಎಂತದೋ ಉಂಟು" ಎಂದರು. ಒಳಗೆ ನಿನಗೆ ಕೇಳಿಸುತ್ತದೆಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಅಮ್ಮ ಹರಕೆ ಹೊತ್ತದ್ದು ಆ ಸಂಜೆಯೇ. ನಿನ್ನನ್ನು ದೀಪದ ಮುಂದೆ ನಿಲ್ಲಿಸಿ, ತಲೆಯ ಮೇಲೆ ಕೈಯಿಟ್ಟು, "ಮದುವೆ ಕೂಡಿ ಬರುವವರೆಗೆ ಇವಳು ಅನ್ನ ಮುಟ್ಟುದಿಲ್ಲ" ಎಂದರು. ಹರಕೆ ಅವರದ್ದು, ಬಿಟ್ಟ ಅನ್ನ ನಿನ್ನದು. ಶನಿವಾರ ಒಪ್ಪೊತ್ತು ಮಾಡುವವರು ರಾತ್ರಿಗೆ ಗೋಧಿ ತಿನ್ನುವ ಹಾಗೆ ನಿನಗೆ ದಿನವೂ ಎರಡು ಹೊತ್ತು ಗೋಧಿ. ರೇಷನಿನಲ್ಲಿ ಬರುತ್ತಿದ್ದ ಅಮೆರಿಕದ ಗೋಧಿಯನ್ನು ಊರಿನವರು ಮೂಸಿ ನೋಡಿ ದನಕ್ಕೆ ಹಾಕುತ್ತಿದ್ದರು. ಅಮ್ಮ ಅದನ್ನೇ ಅವರಿವರಿಂದ ಕೇಳಿ ತಂದು, ಕುಟ್ಟಿ ಕಡಿ ಮಾಡಿ, ಬೇಯಿಸಿ ನಿನಗೆ ಹಾಕಿದರು. ಪ್ರೀತಿಯಿಂದಲೇ ಹಾಕಿದರು. ನನಗೆ ತಡೆಯಲಾಗದ್ದು ಅದೇ. ದ್ವೇಷದಿಂದ ಹಾಕಿದ್ದರೆ ಒಂದು ಸಲ ಬೈದು ಮುಗಿಸಬಹುದಿತ್ತು.

ಕುಮಾರಧಾರೆ ಉಕ್ಕಿ ರಸ್ತೆ ಮುಚ್ಚಿದ ಮಳೆಗಾಲ ನೆನಪಿದೆಯೇ? ರೇಷನ್ ಬರಲಿಲ್ಲ, ಹೋಟೆಲಿನ ಬಾಗಿಲೂ ತೆರೆಯಲಿಲ್ಲ. "ಆಪತ್ತಿಗೆ ದೋಷ ಇಲ್ಲ" ಎಂದು ಅಮ್ಮ ನಿನಗೂ ಗಂಜಿ ಬಡಿಸಿದರು. ಮಳೆ ಇಳಿಯುವ ಹೊತ್ತಿಗೆ ನಿನ್ನ ಕೆನ್ನೆ ತುಂಬಿತ್ತು. ಒನಕೆ ಹಿಡಿದು ನನ್ನ ಸಮಕ್ಕೆ ಭತ್ತ ಕುಟ್ಟಿದೆ. "ನೋಡಿದ್ಯಾ, ಹರಕೆ ಕೈ ಹಿಡಿಯಿತು" ಎಂದರು ಅಮ್ಮ. ಹೊಟ್ಟೆಗೆ ಹೋದದ್ದು ಗಂಜಿ, ಹೆಸರು ಬಂದದ್ದು ಹರಕೆಗೆ. ರಸ್ತೆ ತೆರೆಯಿತು, ಗೋಧಿ ಬಂತು, ನೀನು ಪುನಃ ಅದೇ ತಟ್ಟೆಯ ಮುಂದೆ ಕೂತೆ. "ಗಂಜಿ ಉಂಡರೆ ನನಗೆ ಸುಖ ಆಗ್ತದೆ ಮಾರಾಯ್ತಿ" ಎಂದು ನೀನು ನನಗೆ ಹೇಳಿದ್ದನ್ನು ನಾನು ಅಮ್ಮನಿಗೆ ಹೇಳಿದೆ. "ಅದು ನಾಲಗೆಯ ಚಪಲ" ಎಂದರು. ನೀನೇ ಯಾಕೆ ಹೇಳಲಿಲ್ಲ? ಒಂದು ಸಲ ತಟ್ಟೆಯನ್ನು ದೂಡಬಹುದಿತ್ತಲ್ಲ? ಕೇಳಿದರೆ "ಅಮ್ಮನ ಬಾಯಿಂದ ಬಿದ್ದ ಮಾತು…" ಎಂದು ಅರ್ಧಕ್ಕೆ ನಿಲ್ಲಿಸಿದೆ. ಮಾತು ಉಳಿಯಿತು ಅಕ್ಕ. ಮುಂದಿನ ಮಳೆಗಾಲಕ್ಕೆ ನೀನು ಉಳಿಯಲಿಲ್ಲ.

ನಾನು ಐವರ್ನಾಡಿಗೆ ಮದುವೆಯಾಗಿ ಹೋದ ಮೇಲೆ ಹುಟ್ಟಿದ ಮಗಳಿಗೆ ನಿನ್ನ ಹೆಸರಿಟ್ಟೆ. ಹೆಸರಿನ ಜೊತೆಗೆ ಆ ಹೊಟ್ಟೆಯೂ ಬಂತು. ಅದೇ ಕಡ್ಡಿ ಕಾಲು, ಅದೇ ಉಬ್ಬರ. ನಾನು ಯಾವ ದೀಪದ ಮುಂದೆಯೂ ನಿಲ್ಲಿಸಲಿಲ್ಲ. ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಕೂರಿಸಿ ಹೇಳಿದರು: "ಇದಕ್ಕೆ ಸೀಲಿಯಾಕ್ ಅಂತ ಹೆಸರು. ಮಗುವಿನ ಕರುಳಿಗೆ ಗೋಧಿ ಆಗುದಿಲ್ಲ. ಮೈದಾ, ರವೆ, ಬಾರ್ಲಿ ಒಂದು ಚೂರೂ ಬೇಡ. ಜೀವಮಾನ ಪೂರ್ತಿ."

"ಮದ್ದು?" ಎಂದೆ.

"ಅದೇ ಮದ್ದು. ಅನ್ನ ಕೊಡಿ, ಗಂಜಿ ಕೊಡಿ. ನಿಮ್ಮ ಮನೆಯಲ್ಲಿ ಅಕ್ಕಿ ಇಲ್ವಾ?" ಎಂದು ನಕ್ಕರು.

ನಮ್ಮ ಮನೆಯಲ್ಲಿ ಅಕ್ಕಿ ಇರಲಿಲ್ಲವೇ ಅಕ್ಕ? ದಿನವೂ ಒಲೆಯ ಮೇಲೆ ಕುದಿಯುತ್ತಿದ್ದದ್ದು ಏನು? ನಿನ್ನ ಕಥೆ ಹೇಳಿ, ಅವಳಿಗೂ ಇದೇ ಇತ್ತೇ ಎಂದು ಕೇಳಿದೆ. ಅವರು ನಗು ನಿಲ್ಲಿಸಿದರು. "ನೋಡದೆ ಹೇಳಲಿಕ್ಕೆ ಆಗುದಿಲ್ಲ. ಆದ್ರೆ ಒಂದೇ ಕುಟುಂಬದಲ್ಲಿ ಬರುದುಂಟು" ಎಂದರು. ಬಸ್ಸಿನಲ್ಲಿ ಸುಳ್ಯ ತಲುಪುವವರೆಗೆ ನಾನು ಹಲ್ಲು ಕಚ್ಚಿಕೊಂಡೇ ಕೂತಿದ್ದೆ.

ಈಗ ನನ್ನ ಅಡಿಗೆಮನೆಗೆ ಗೋಧಿ ಬರುವುದಿಲ್ಲ. ಎಲ್ಲವೂ ಅಕ್ಕಿಯದ್ದೇ: ನೀರುದೋಸೆ, ಹಬೆಯಲ್ಲಿ ಬೇಯಿಸಿದ ಉಂಡೆ ಪುಂಡಿ, ಒತ್ತುಶ್ಯಾವಿಗೆ, ಹಲಸಿನೆಲೆಯಲ್ಲಿ ಬೇಯಿಸಿದ ಕಡುಬು ಕೊಟ್ಟಿಗೆ. ಇಷ್ಟೆಲ್ಲ ಇರುವಾಗ ಗೋಧಿ ಯಾರಿಗೆ ಬೇಕು? ಅಂಗಡಿಯ ಇಂಗಿಗೆ ಗೋಧಿಹಿಟ್ಟು ಬೆರೆಸುತ್ತಾರೆಂದು ತಿಳಿದ ದಿನ ಡಬ್ಬಿಯನ್ನು ಹೊರಗೆಸೆದೆ. ಅಂದಿನಿಂದ ಒಗ್ಗರಣೆಗೆ ಬೆಳ್ಳುಳ್ಳಿ. ಮದುವೆಮನೆಗೆ ಹೋಗುವಾಗ ಬಾಳೆಲೆಯಲ್ಲಿ ಪುಂಡಿ ಕಟ್ಟಿಕೊಂಡು ಹೋಗುತ್ತೇವೆ. "ಗೋಧಿ ಆಗದ ಮಹಾರಾಣಿ ಬಂದಳು" ಎಂದು ಯಾರೋ ಚುಚ್ಚಿದಾಗ ನಿನ್ನ ಹೆಸರಿನವಳು ಎಂತ ಹೇಳಿದಳು ಗೊತ್ತೇ? "ಮಹಾರಾಣಿಗೆ ಸಾರು ಸ್ವಲ್ಪ ಜಾಸ್ತಿ ಹಾಕಿ. ಮೊದಲು ಅದರಲ್ಲಿ ಇಂಗು ಉಂಟಾ ಹೇಳಿ." ನಿನಗೆ ಇರಬೇಕಿದ್ದ ಬಾಯಿ ಅದು. ಶಾಲೆಯ ಓಟದಲ್ಲಿ ಅವಳನ್ನು ಹಿಡಿಯುವವರಿಲ್ಲ.

ಕಾಯಿಲೆ ಗೊತ್ತಾದ ಮೇಲೆ ನಾವು ಆಟಿಗೆ ಅಮ್ಮನ ಮನೆಗೆ ಹೋದದ್ದು ನಿನ್ನೆಯೇ ಮೊದಲು. ಒಳಕೋಣೆಯಲ್ಲಿ ನಿನ್ನ ಎಲೆ; ಬಡಿಸಿ ಬಾಗಿಲು ಹಾಕಿದರೆ ನೀನು ಬಂದು ಉಣ್ಣುತ್ತೀ ಎಂಬ ನಂಬಿಕೆ. ಎಲೆಯ ಮೇಲೆ ಗೋಧಿಕಡಿ ಪಾಯಸ. ನೀನು ಅನ್ನ ಬಿಟ್ಟೇ ತೀರಿಹೋದವಳೆಂದು ವರ್ಷವರ್ಷವೂ ಅದನ್ನೇ ಬಡಿಸಿದ್ದಾರೆ. ಸತ್ತ ಮೇಲೂ.

"ಬಾಗಿಲು ತೆರೆದ ಮೇಲೆ ಈ ಎಲೆಯಲ್ಲಿ ಮಗು ಉಣ್ಣಲಿ. ಹೆಸರಿನವಳಲ್ವಾ" ಎಂದರು ಅಮ್ಮ.

"ಅವಳಿಗೆ ಗೋಧಿ ಆಗುದಿಲ್ಲ ಅಂತ ಹೇಳಿದ್ದೆನಲ್ಲ."

"ಒಂದು ಬೆರಳು ನೆಕ್ಕಿದರೆ ಸಾಯ್ತಾಳಾ?" ಎಂದರು ಚಿಕ್ಕಮ್ಮ.

"ಅಕ್ಕ ಸತ್ತಳಲ್ವಾ" ಎಂದೆ.

ಮತ್ತೆ ನನ್ನ ಬಾಯಿ ನಿಲ್ಲಲಿಲ್ಲ. ಡಾಕ್ಟರಮ್ಮ ಹೇಳಿದ್ದು, ಆ ಮಳೆಗಾಲದ ಗಂಜಿ, ನಾಲಗೆಯ ಚಪಲ, ಎಲ್ಲವನ್ನೂ ಹೇಳಿದೆ. ಎಲೆಯನ್ನು ಎಳೆದು, ಮಡಚಿ, ಹಿತ್ತಿಲಿನ ಗೊಬ್ಬರದ ಗುಂಡಿಗೆ ಹಾಕಿದೆ. ಹೊಸ ಎಲೆ ತಂದೆ. ಒಲೆಯ ಮೇಲಿದ್ದ ಕುಚ್ಚಲಕ್ಕಿ ಗಂಜಿಯನ್ನು ತಿಳಿ ಬಸಿದು ಬಡಿಸಿದೆ; ಬದಿಗೆ ತೆಂಗಿನಕಾಯಿ ಚಟ್ನಿ. ಅಮ್ಮ ಹೊಸ್ತಿಲಲ್ಲಿ ಗೋಡೆಗೆ ಒರಗಿ ಕೂತಿದ್ದರು. ತಡೆಯುತ್ತಾರೆಂದು ಕಾದೆ. ತಡೆದರೆ ಹೇಳಲಿಕ್ಕೆ ಇನ್ನೂ ಬಹಳ ಇತ್ತು.

"ಉಪ್ಪು ಹಾಕಿದ್ಯಾ?" ಎಂದರು. "ಗಂಜಿಗೆ ಅವಳಿಗೆ ಉಪ್ಪು ಜೋರು ಬೇಕು."

ಇಷ್ಟು ವರ್ಷ ಆ ನೆನಪು ಎಲ್ಲಿತ್ತು? ಉಪ್ಪಿನ ಮರಿಗೆಯನ್ನು ತಂದು ಅವರ ಮುಂದೆ ಕುಕ್ಕಿದೆ. ಅವರೇ ಎದ್ದು ಬಂದು ನಿನ್ನ ಎಲೆಗೆ ಉಪ್ಪು ಹಾಕಿದರು. ಬಾಗಿಲು ಹಾಕಿದೆವು. ತೆರೆದ ಮೇಲೆ ಮಗು ನಿನ್ನ ಎಲೆಯ ಮುಂದೆ ಚಕ್ಕಳಮಕ್ಕಳ ಕೂತು ಒಂದು ಅಗುಳೂ ಬಿಡದೆ ಉಂಡು, "ಉಪ್ಪು ಜಾಸ್ತಿ ಆಯ್ತು ಅಜ್ಜಿ" ಎಂದಳು.

ನಿನ್ನ ತಲೆಯ ಮೇಲಿನ ಹರಕೆ ಮುಗಿಯಿತು ಅಕ್ಕ. ಇನ್ನು ಪ್ರತಿ ಆಟಿಗೂ ನಾನೇ ಬಂದು ಬಡಿಸುತ್ತೇನೆ, ಗಂಜಿಯನ್ನೇ. ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಅದು ನನ್ನ ಹತ್ತಿರ ಇರಲಿ. ನೀನು ಉಣ್ಣು.

ನಿನ್ನ ತಂಗಿ