ಬರ್ತೀನಿ ಅಂದವಳು

ಜುಲೈ ೯, ಬುಧವಾರ. ಸಂಜೆ

ಕಾಲುಚೀಲ ಹಿಂಡಿ ಲಾಡ್ಜಿನ ಕಿಟಕಿಗೆ ನೇತುಹಾಕಿದೆ. ಒಣಗುವುದಿಲ್ಲ, ಗೊತ್ತು. ಆದರೂ ಹಾಕಿದೆ. ಹೊರಟಾಗಿನಿಂದ ಈ ಮಳೆ ಒಂದು ದಿನ ಬಿಡುವು ಕೊಟ್ಟಿಲ್ಲ. ಕಡಲು, ಆಕಾಶ — ಎರಡೂ ಪಾತ್ರೆ ತೊಳೆದ ನೀರಿನ ಬಣ್ಣ. ಇದನ್ನು ನೋಡಲು ಬೆನ್ನ ಮೇಲೆ ಮೂಟೆ ಹೊತ್ತು ನಡೆದು ಬಂದಿದ್ದೇವೆ, ಇಬ್ಬರು ಮುದುಕಿಯರು.

ಆಸೆ ನನ್ನದೇ. ಜೀವಮಾನವಿಡೀ ಇಸ್ತ್ರಿ ಅಂಗಡಿಯ ಕಾವಿನಲ್ಲಿ ಒಂದೇ ಕಡೆ ನಿಂತವಳು. ಅಂಗಡಿ ಮುಚ್ಚಿದ ಮೇಲೆ, ಕಾಲು ನೆಟ್ಟಗಿರುವಾಗಲೇ ಒಮ್ಮೆ ಕಡಲ ಅಂಚು ಹಿಡಿದು ಲೈಟ್‌ಹೌಸಿನವರೆಗೆ ನಡೆಯಬೇಕು ಅಂದೆ. ನಾದಿನಿ "ನಾನೂ" ಅಂದಳು. ಅವಳು ಯಾವುದಕ್ಕೆ ನಾನೂ ಅಂದಿಲ್ಲ? ಗುಬ್ಬಿ ಅಂತಲೇ ಕರೆಯುವುದು. ಅರವತ್ತು ದಾಟಿದರೂ ಗುಬ್ಬಿಯೇ. ಮದುವೆಯಾಗಲಿಲ್ಲ. ಅವಳ ದೊಡ್ಡಣ್ಣ, ನನ್ನ ಯಜಮಾನರು, ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ.

ಇವತ್ತು ಅವಳು ಮಾಡಿದ ಘನಕಾರ್ಯ — ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಜೋಪಾನ ಮಾಡಿದ್ದ ನನ್ನ ಒಂದೇ ಒಂದು ಒಣ ಜೊತೆ ಬಟ್ಟೆಯನ್ನು ತೆಗೆದು ಒಗೆದು ಹಾಕಿದಳು.

"ಮುಗ್ಗಲು ವಾಸನೆ ಬರ್ತಿತ್ತು ಅತ್ತಿಗೆ."

"ವಾಸನೆ ನಿನ್ನ ಮೂಗಿಗೆ ತಾನೆ? ಮೈ ನಂದು! ಈಗೇನು, ನಿನ್ನ ತಲೆ ಹಾಕ್ಕೊಳ್ಲಾ?"

"ಒಳ್ಳೇದು ಮಾಡೋಕೆ ಹೋದ್ರೆ..."

"ನಿನ್ನ ಒಳ್ಳೇದನ್ನ ಗಂಟು ಕಟ್ಕೊಂಡು ಮನೆಗೆ ಹೋಗು. ದಾರೀಲಿ ಸಿಕ್ಕ ನಾಯಿ ನರಿ ಹತ್ರ ಎಲ್ಲಾ ಹರಟೆ. ನಿನ್ನಿಂದ ನಂಗೂ ಆಮೆ ನಡಿಗೆ."

"ಹೋಗ್ತೀನಿ ಬಿಡಿ. ಚಿಕ್ಕಣ್ಣ ಕರೀತಾನೇ ಇದಾನೆ. ಅವನ ಮನೇಲೇ ಇದ್ಬಿಡ್ತೀನಿ. ಬೈಗುಳ ನೆಂಚಿಕೊಳ್ಳದೆ ಒಂದು ತುತ್ತು ಇಳಿಯತ್ತೆ."

"ಇದ್ಬಿಡು. ತಡೆದವರು ಯಾರು?"

ಈಗ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ನಿದ್ದೆ ಬಂದಿಲ್ಲ. ಬಂದಿದ್ದರೆ ಗೊರಕೆ ಕೇಳುತ್ತಿತ್ತು.

ಜುಲೈ ೧೦, ಗುರುವಾರ. ಬೆಳಗ್ಗೆ

ಹೋದಳು.

ನಾನು ಏಳುವ ಹೊತ್ತಿಗೆ ಬ್ಯಾಗು ಬೆನ್ನಿಗೇರಿಸಿ ನಿಂತಿದ್ದಳು. ಲಾಡ್ಜಿನ ಮುಂದೆಯೇ ಬಸ್ಸು. "ಬರ್ತೀನಿ ಅತ್ತಿಗೆ" ಅಂದಳು. ನಾನು ಬೇಕೆಂದೇ ಶೂ ಲೇಸು ಕಟ್ಟುತ್ತಿದ್ದೆ. ತಲೆ ಎತ್ತಲಿಲ್ಲ. ಮನೆ ಬಿಟ್ಟು ಹೋಗುವವರು ಹೋಗ್ತೀನಿ ಅಂತ ಯಾವಾಗ ಅಂದಿದ್ದಾರೆ? ಋಣ ಹರಿದುಕೊಂಡು ಹೊರಟವರ ಬಾಯಲ್ಲೂ ಬರ್ತೀನಿ ಅಂತಲೇ ಬರುವುದು.

ಬಸ್ಸು ಹೋದ ಮೇಲೆ ನೋಡುತ್ತೇನೆ — ನನ್ನ ಒದ್ದೆ ಬಟ್ಟೆಗಳನ್ನೂ ತನ್ನದರ ಜೊತೆ ತುರುಕಿಕೊಂಡು ಹೋಗಿದ್ದಾಳೆ. ಸಿಟ್ಟಿನಲ್ಲಿ ಕಣ್ಣೂ ಕಂಡಿಲ್ಲ. ನಮ್ಮಿಬ್ಬರಿಗಿದ್ದ ಒಂದು ಫೋನೂ ಅವಳ ಹತ್ತಿರವೇ. ಇರಲಿ. ನಾನು ಯಾರಿಗೆ ಮಾಡಬೇಕಿದೆ?

ರೂಮು ಖಾಲಿ ಮಾಡುತ್ತಿದ್ದೇನೆ. ಇನ್ನು ನಾನು ಹಿಂದೆ ನೋಡುವವಳಲ್ಲ.

ಅದೇ ದಿನ. ಸಂಜೆ

ಸೇತುವೆ ದಾಟಿ ಹೊಳೆಯ ಈಚೆ ಬಂದೆ. ಮುರಿದ ಬಸ್ ಶೆಲ್ಟರಿನಲ್ಲಿ ಕೂತು ಬ್ರೆಡ್ಡು ತಿಂದೆ. ಜೋರು ನಡೆದೆ. ಯಾರೂ "ಅತ್ತಿಗೆ, ಒಂದ್ನಿಮಿಷ" ಅನ್ನಲಿಲ್ಲ. ಆರಾಮ.

ಜುಲೈ ೧೧, ಶುಕ್ರವಾರ

ಒಬ್ಬ ಹೆಂಗಸು ತನ್ನ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಕೊಟ್ಟಿದ್ದಾಳೆ. ಬಾಗಿಲಲ್ಲೇ "ಒಬ್ಬರೇನಾ?" ಅಂದಳು.

"ಮತ್ತೆ ಹಿಂದೆ ದಿಬ್ಬಣ ಬರ್ತಿದೆಯಾ?" ಅಂದೆ. ನಗಲಿಲ್ಲ. ನಗಲಿ ಅಂತ ನಾನೂ ಅಂದಿರಲಿಲ್ಲ.

ಕೋಣೆಯಲ್ಲಿ ಎರಡು ಮಂಚ. ಒಂದರ ಮೇಲೆ ಬ್ಯಾಗು ಇಟ್ಟೆ. ಖಾಲಿ ಕಾಣದಿರಲಿ ಅಂತ ಅಲ್ಲ. ನೆಲ ಒದ್ದೆ, ಅದಕ್ಕೆ.

ಇಸ್ತ್ರಿಪೆಟ್ಟಿಗೆ ಕೇಳಿ ತೆಗೆದುಕೊಂಡೆ. ಮೈಮೇಲಿನದನ್ನೇ ಬಿಚ್ಚಿ, ಟವೆಲು ಸುತ್ತಿಕೊಂಡು ಇಸ್ತ್ರಿ ಮಾಡಿದೆ. ಹಬೆ ಎದ್ದಿತು. ಅಂಗಡಿಯ ವಾಸನೆ. ಕೈ ಕುದುರಿತು. ಆ ಹೆಂಗಸಿನ ದಿಂಬಿನ ಕವರನ್ನೂ ಬಿಡದೆ ಮಾಡಿದೆ. ಮಾಡಿ ಎಡಗಡೆ ಚಾಚಿದೆ.

ಅಂಗಡಿಯಲ್ಲಿ ಹಾಗೆಯೇ. ನಾನು ತಿಕ್ಕಿ, ನೋಡದೆ ಎಡಕ್ಕೆ ಚಾಚುವುದು. ಗುಬ್ಬಿ ಹಿಡಿದು ಮಡಚಿ ಇಡುವುದು. ಬಟ್ಟೆ ಕೆಳಗೆ ಬಿದ್ದದ್ದೇ ಇಲ್ಲ. ಇವತ್ತು ಬಿತ್ತು. ಒದ್ದೆ ನೆಲ. ಮತ್ತೆ ತಿಕ್ಕಿದೆ. ಥೂ.

ಜುಲೈ ೧೪, ಸೋಮವಾರ. ಮಧ್ಯಾಹ್ನ

ಶನಿವಾರ, ಭಾನುವಾರ ಬರೆಯಲಿಲ್ಲ. ಬರೆಯಲು ಏನಿತ್ತು? ಮಳೆ. ನಡೆದೆ. ಮಳೆ.

ಇವತ್ತು ಹೋಟೆಲಿನಲ್ಲಿ ಟೀ ಕೇಳಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರ್ರ್ ಅಂದಿತು. ಅಲ್ಲಿಗೆ ಲೆಕ್ಕವಾಯಿತು, ಎರಡು ದಿನ ಯಾರ ಹತ್ತಿರವೂ ಮಾತಾಡಿಲ್ಲ. ಒಂದು ಏಡಿಗೆ ಬೈದದ್ದು ಬಿಟ್ಟರೆ. ಬೈಯುವುದಕ್ಕೂ ಎದುರು ಒಂದು ಜೀವ ಬೇಕು ಅಂತ ಈ ವಯಸ್ಸಿನಲ್ಲಿ ತಿಳಿಯಬೇಕಾಯಿತು.

ಚಿಕ್ಕಣ್ಣನ ಮನೆ ತಲುಪಿರುತ್ತಾಳೆ. ಅಲ್ಲಿ ಬಿಸಿಬಿಸಿ ಉಣ್ಣುತ್ತಿರುತ್ತಾಳೆ. ನಾನು ಊರಿಗೆ ಹೋದರೆ ಬೀಗ ನಾನೇ ತೆಗೆಯಬೇಕು. ದೀಪ ನಾನೇ ಹಾಕಬೇಕು.

ಅದೇ ದಿನ. ಸಂಜೆ

ಬೆಳಕು ಸಾಲದು. ನಾಲ್ಕನೇ ಕ್ಲಾಸಿಗೆ ಬಿಟ್ಟವಳ ಅಕ್ಷರ ಮೊದಲೇ ಕೋಳಿ ಕಾಲು. ಆದರೂ ಬರೆಯಬೇಕು.

ರಸ್ತೆ ಬದಿ ನಡೆಯುತ್ತಿದ್ದೆ. ಬಸ್ಸೊಂದು ಪಕ್ಕಕ್ಕೆ ಬಂದು ನಿಂತಿತು. ಕಂಡಕ್ಟರು ಬಾಗಿಲಿನಿಂದ ಬಗ್ಗಿ, "ಅಮ್ಮಾ, ಅತ್ತಿಗೆ ಅಂದ್ರೆ ನೀವೇನಾ?" ಅಂದ.

"ಯಾರಿಗೋ ಅತ್ತಿಗೆ? ಕುಡಿದಿದೀಯಾ? ಮೈಮೇಲೆ ಕೆಸರು ಹಾರಿಸಿದ್ದೂ ಅಲ್ದೆ..."

ಅವನು ಡ್ರೈವರನ ಕಡೆ ತಿರುಗಿ, "ಸಿಕ್ಕಿದ್ರು ಕಣಣ್ಣಾ! ಇವರೇ!" ಅಂದ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಗೆ ಬಂದರು.

"ನೀಲಿ ಬ್ಯಾಗು, ಗಂಟು ಮೋರೆ, ಮಾತಾಡಿಸಿದ್ರೆ ಬೈತಾರೆ, ಬೈದ್ರೆ ಅವರೇ ಅಂತ ತಿಳ್ಕೊಳ್ಳಿ ಅಂದಿದ್ರು ನಿಮ್ಮ ನಾದಿನಿ. ಈ ರೋಡಿನ ಕಂಡಕ್ಟರಿಗೆಲ್ಲಾ ಹೇಳಿಟ್ಟಿದಾರೆ. ನಿನ್ನೆಯಿಂದ ನಾನೇ ಮೂರು ಜನ ಅಜ್ಜಿಯರ ಹತ್ರ ಬೈಸ್ಕೊಂಡೆ. ಸೇತುವೆ ಆಚೆ ಅದೇ ಲಾಡ್ಜಿನಲ್ಲಿ ಕೂತಿದಾರೆ ಅವ್ರು."

"ಚಿಕ್ಕಣ್ಣನ ಮನೆಗೆ ಹೋಗ್ಲಿಲ್ವಾ?"

"ಎಲ್ಲಿಗೂ ಇಲ್ಲ. ಅವತ್ತು ಪೇಟೆಗೆ ಹೋಗಿದ್ರಂತೆ. ಲಾಂಡ್ರಿ ಮಷೀನಿನಲ್ಲಿ ಬಟ್ಟೆ ಒಣಗಿಸ್ಕೊಂಡು ಸಂಜೆ ವಾಪಸ್ ಬಂದ್ರೆ ನೀವೇ ಇಲ್ಲ. 'ಬರ್ತೀನಿ ಅಂತ ಹೇಳೇ ಹೋಗಿದ್ದೆ, ಆದ್ರೂ ಬಿಟ್ಟು ಹೋದ್ರು' ಅಂತ ಅತ್ರು ಪಾಪ."

ಬರ್ತೀನಿ ಅಂದಿದ್ದಳು. ನಿಜವಾಗಿ ಬರುತ್ತೇನೆ ಅಂತಲೇ ಅಂದಿದ್ದಳು. ಆ ಮಾತಿಗೆ ಅದೂ ಒಂದು ಅರ್ಥ ಇದೆ ಅಂತ ನನಗೆ ಹೊಳೆಯಲೇ ಇಲ್ಲವಲ್ಲ.

ಫೋನು ಮಾಡು ಅಂದೆ. ಅವಳ ಫೋನು ನೀರು ಕುಡಿದು ಸತ್ತಿದೆಯಂತೆ. ಇವತ್ತಿನಿಂದ ಸೇತುವೆಯೂ ಬಂದ್, ಹೊಳೆ ಏರಿದೆ, ಬಸ್ಸು ಈಚೆಯಿಂದಲೇ ತಿರುಗುವುದು. ಆಚೆಯ ಡ್ರೈವರೊಬ್ಬನಿಗೆ ಫೋನು ಮಾಡಿ, ಅತ್ತಿಗೆ ಸಿಕ್ಕಿದ್ದಾರೆ ಅಂತ ಲಾಡ್ಜಿಗೆ ಹೇಳಿಸಿದ ಪುಣ್ಯಾತ್ಮ. ನನ್ನ ಹೆಸರನ್ನೂ ಕೇಳಲಿಲ್ಲ. ಅತ್ತಿಗೆ ಅಂದರೆ ಸಾಕಂತೆ.

ಬಸ್ಸು ಹತ್ತುವುದಿಲ್ಲ ಅಂತ ಪಣ ತೊಟ್ಟಿದ್ದೆ. ಹತ್ತಿದೆ. ವಾಪಸ್ ಹೊಳೆಯ ಕಡೆ. ಇಷ್ಟು ದಿನ ನಡೆದದ್ದೆಲ್ಲ ಕಿಟಕಿಯಲ್ಲಿ ಹಿಂದಕ್ಕೆ ಓಡಿತು.

ಜುಲೈ ೧೫, ಮಂಗಳವಾರ

ಹೊಳೆಯ ದಡದ ಸ್ಕೂಲಿನಲ್ಲಿ ಮಲಗಿದ್ದೆ, ಬೆಂಚು ಜೋಡಿಸಿಕೊಂಡು. ಸೇತುವೆಗೆ ಅಡ್ಡ ಹಗ್ಗ ಕಟ್ಟಿದ್ದಾರೆ. ಪೊಲೀಸಿನವನ ಹತ್ತಿರ ಜಗಳ ಆಡಿದೆ.

"ಅಜ್ಜಿ, ನೀರು ನಿಮ್ಮ ಮಾತು ಕೇಳತ್ತಾ?" ಅಂದ.

"ನೀನಾದ್ರೂ ಕೇಳು" ಅಂದೆ. ಕೇಳಲಿಲ್ಲ.

ಇಡೀ ದಿನ ಮಳೆ. ಹೊಳೆ ಕಾಫಿ ಬಣ್ಣ. ಮರ, ಡ್ರಮ್ಮು, ಯಾರದೋ ಕುರ್ಚಿ ತೇಲಿಹೋದವು. ಆಚೆ ದಡ ಕಾಣಲೇ ಇಲ್ಲ.

ಜುಲೈ ೧೬, ಬುಧವಾರ. ಬೆಳಗ್ಗೆ

ಮಳೆ ಸ್ವಲ್ಪ ತೆಳುವಾಗಿದೆ. ಆಚೆ ದಡ ಕಂಡಿತು. ಅಲ್ಲಿ ಯಾರೋ ಕೊಡೆ ಹಿಡಿದು ನಿಂತಿದ್ದಾರೆ. ನಿಂತಿದ್ದಾರೆ ಅಂದರೆ ಸುಳ್ಳು. ಪಕ್ಕದವರ ಹತ್ತಿರ ಕೈ ಆಡಿಸಿಕೊಂಡು ಮಾತಾಡುತ್ತಿದ್ದಾರೆ. ಅವಳೇ. ಜಗತ್ತಿನಲ್ಲಿ ಇನ್ನೊಬ್ಬಳಿಲ್ಲ ಹಾಗೆ.

ಕೂಗಿದೆ. ಹೊಳೆಯ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.

ದೋಣಿಯವನನ್ನು ಹಿಡಿದೆ. ಸಣ್ಣ ದೋಣಿ. ಮೊದಲು ಆಗಲ್ಲ ಅಂದ. ಆಮೇಲೆ ನೀರು ನೋಡಿ ಬಂದು ಹೇಳಿದ, "ಒಂದೇ ಒಂದು ಸಲ ಹೋಗಿ ಬರ್ತೀನಿ. ಆಮೇಲೆ ಭರತ, ಕಡಲ ನೀರು ಏರತ್ತೆ, ನಾಳೇನೂ ಇಲ್ಲ. ಒಬ್ಬರಿಗಿಂತ ಹೆಚ್ಚು ಹತ್ಸಲ್ಲ. ಹೇಳಿ, ಆ ಅಮ್ಮನ್ನ ಈ ಕಡೆ ತರ್ಲಾ, ನಿಮ್ಮನ್ನ ಆ ಕಡೆ ಬಿಡ್ಲಾ?"

ಲೈಟ್‌ಹೌಸು ಇರುವುದು ಈ ಕಡೆ. ಆಚೆ ಹೋದರೆ ನಡಿಗೆ ಅಲ್ಲಿಗೆ ಮುಗಿಯಿತು. ಸೇತುವೆ ತೆರೆಯುವ ಹೊತ್ತಿಗೆ ಈ ಕಾಲಲ್ಲಿ ಕಸುವು ಇರುವುದಿಲ್ಲ. ಅವಳೇ ಬಂದರೆ ಇಬ್ಬರೂ ಮುಂದೆ ಹೋಗಬಹುದು. ನ್ಯಾಯ ಅದೇ.

ಗುಬ್ಬಿಗೆ ನೀರು ಅಂದರೆ ಜೀವ ಬಾಯಿಗೆ ಬರುತ್ತದೆ. ಮೊಣಕಾಲು ಮುಳುಗುವ ನೀರಿಗೂ ಇಳಿದವಳಲ್ಲ. ಆದರೆ ಅತ್ತಿಗೆ ಕರೆದರು ಅಂತ ಇವನು ಹೇಳಿದರೆ ಬಂದುಬಿಡುತ್ತಾಳೆ. ಕಣ್ಣು ಮುಚ್ಚಿಕೊಂಡು, ದೋಣಿಯ ಅಂಚು ಹಿಡಿದುಕೊಂಡು, ನಡುಗುತ್ತಲೇ ಬರುತ್ತಾಳೆ. ಕರೆದಾಗಲೆಲ್ಲ ಬಂದಿದ್ದಾಳೆ.

"ನನ್ನನ್ನ ಆ ಕಡೆ ಬಿಡಪ್ಪ" ಅಂದೆ.

"ಯೋಚನೆ ಮಾಡಿ. ವಾಪಸ್ ಬರೋಕಾಗಲ್ಲ."

"ಬಾಯಿ ಮುಚ್ಕೊಂಡು ದೋಣಿ ನೀರು ಎತ್ತಿ ಹಾಕು."

ಎತ್ತಿ ಹಾಕುತ್ತಿದ್ದಾನೆ. ದೋಣಿಯ ತಳ ಕಾಣುತ್ತಿದೆ. ಆಚೆ ಅವಳಿಗೆ ತಿಳಿಯಿತು ಅನಿಸುತ್ತದೆ, ಕೊಡೆ ಬಿಸಾಡಿ ಎರಡೂ ಕೈ ಮೇಲೆತ್ತಿ ಆಡಿಸುತ್ತಿದ್ದಾಳೆ — ಬನ್ನಿ ಅಂತಲೋ, ಬೇಡ ಅಂತಲೋ. ನೆನೆಯುತ್ತಾಳೆ, ಹುಚ್ಚಿ. ಜ್ವರ ಬಂದರೆ ನೋಡಿಕೊಳ್ಳುವವರು ಯಾರು? ಇವನು ಕರೆಯುತ್ತಿದ್ದಾನೆ. ಪುಸ್ತಕ ಪ್ಲಾಸ್ಟಿಕ್ಕಿಗೆ ಹಾಕಬೇಕು. ಅಲ್ಲಿ ಇಳಿದ ತಕ್ಷಣ ಅವಳಿಗೆ ಮೊದಲು —