ಕಿಂಶುಕ ಅಂದರೆ ಏನು

ಸುರೇಬಾನ
೪ ಏಪ್ರಿಲ್ ೧೯೯೯

ಮಗಳ ಅಪ್ಪನವರಿಗೆ ಉಮಾಶ್ರೀ ಮಾಡುವ ನಮಸ್ಕಾರಗಳು.

ಬಾಣಂತಿ ಸಿಟ್ಟಾಗಬಾರದು ಎಂದು ಅವ್ವ ದಿನವೂ ಹೇಳುತ್ತಾಳೆ. ಆದರೂ ತೊಟ್ಟಿಲ ದಿನದ ಸಿಟ್ಟು ಇನ್ನೂ ಇಳಿದಿಲ್ಲ.

ಕಿಂಶುಕ ಎಂಬ ಹೆಸರು ನೀವೇ ಆರಿಸಿದ್ದು. ಹೋದ ವರ್ಷ ಸಿರಸಂಗಿ ದಾರಿಯಲ್ಲಿ, ಹೂಬಿಟ್ಟ ಮುತ್ತಲ ಗಿಡದ ಕೆಳಗೆ ನಿಂತು ಹೇಳಿದ್ದಿರಿ: "ಈ ಹೂವಿಗೆ ಸಂಸ್ಕೃತದಾಗ ಕಿಂಶುಕ ಅಂತಾರ. ಕಿಂ ಅಂದ್ರ ಏನು, ಶುಕ ಅಂದ್ರ ಗಿಣಿ. ಗಿಣಿ ಕೊಕ್ಕಿನಂಗ ಕೆಂಪಗ ಬಾಗೇತಿ ನೋಡು. ಕಂಡವರು 'ಏನಿದು, ಗಿಣಿಯೇನು?' ಅಂತ ಬೆರಗಾಗಿ ಇಟ್ಟ ಹೆಸರು." ಮಗಳು ಹುಟ್ಟಿದರೆ ಇದೇ ಇರಲಿ ಎಂದು ಇಬ್ಬರೂ ಒಪ್ಪಿದ್ದೆವು.

ತೊಟ್ಟಿಲ ಮುಂದೆ ಮಾವನವರು, "ವಾಸನಿ ಇಲ್ಲದ ಹೂವಿನ ಹೆಸರು ಯಾಕ ಬೇಕು? ನಮ್ಮವ್ವನ ಹೆಸರು ಇಡ್ರಿ" ಎಂದರು. ನಿಮ್ಮ ಅಕ್ಕ ಕೂಸಿನ ಕಿವಿಯಲ್ಲಿ ಚನ್ನವ್ವ ಎಂದು ಉಸುರಿದರು. ನಾನು ನಿಮ್ಮ ಮುಖ ನೋಡಿದೆ. ನೀವು ತೊಟ್ಟಿಲ ಹಗ್ಗ ಸರಿಮಾಡುತ್ತಿದ್ದಿರಿ. ಶಾಲೆಯಲ್ಲಿ ಅಷ್ಟು ಮಕ್ಕಳಿಗೆ ಅರ್ಥ ಬಿಡಿಸಿ ಹೇಳುವವರು, ಅಂದು ಮಾವನವರಿಗೂ ಆ ಗಿಣಿಯ ಮಾತು ಹೇಳಬಹುದಿತ್ತು.

ಮೊನ್ನೆ ಲಸಿಕೆ ಹಾಕುವ ಸಿಸ್ಟರ್ ಕೂಸಿನ ಹೆಸರು ಕೇಳಿದಾಗ ಕಿಂಶುಕ ಎಂದೆ. "ಹಂಗಂದ್ರ ಏನ್ರಿ?" ಎಂದರು. ಪಡಸಾಲೆಯಲ್ಲಿದ್ದವರೆಲ್ಲ ಕೇಳುವಂತೆ ಗಿಣಿಯ ಮಾತು ಹೇಳಿದೆ.

ನಮ್ಮನ್ನು ಕರೆದೊಯ್ಯಲು ಇದೇ ೧೨ರ ಸೋಮವಾರ ಬರುವಿರಂತೆ. ಕೂಸಿನ ತಲೆಗೆ ಕಟ್ಟಲು ಎರಡು ಕುಂಚಿಗೆ ತನ್ನಿರಿ, ಇಲ್ಲಿರುವವು ಸಣ್ಣವಾಗಿವೆ. ಮಾವನವರನ್ನೂ ಕರೆತನ್ನಿರಿ. ಅವರ ಎದುರಿಗೇ ನೀವು ಮಗಳನ್ನು ಕಿಂಶುಕ ಎಂದು ಕೂಗಿ ಎತ್ತಿಕೊಂಡರೆ, ಅಂದಿನ ಬಸ್ಸಿಗೇ ನಾವಿಬ್ಬರೂ ಹೊರಡುತ್ತೇವೆ. ಇಲ್ಲವಾದರೆ ಕುಂಚಿಗೆ ಕೊಟ್ಟು, ಊಟ ಮಾಡಿ ಹೋಗಿರಿ.

ಇಂತಿ,
ಕಿಂಶುಕಳ ಅವ್ವ