ಎಡಗೈಗೆ ಒಪ್ಪಿದ ಪಿಸ್ತೂಲು

ಮೂಡಿಗೆರೆ
ಸೋಮವಾರ, ೨೫ ಜನವರಿ ೧೯೯೯

ಪ್ರೀತಿಯ ಅಮ್ಮ,

ನಿನ್ನ ಪಂಚಮಿಯ ನಮಸ್ಕಾರ. ಅಪ್ಪಯ್ಯನಿಗೂ ತಿಳಿಸು. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದು ಮುಂದಕ್ಕೆ ಹೋಗಬಹುದಿತ್ತು. ಈ ಸಲ ಹಾಗೆ ಬರೆಯಲು ಮನಸ್ಸು ಬರುತ್ತಿಲ್ಲ.

ಸಂಕ್ರಾಂತಿಗೆ ಜಾವಳಿಗೆ ಬರುತ್ತೇವೆ ಎಂದವಳು ಬರಲಿಲ್ಲ. ಗಾನಶ್ರೀಗೆ ಜ್ವರ ಎಂದು ನಿಮ್ಮ ಪಕ್ಕದ ಮನೆಯ ಫೋನಿಗೆ ಹೇಳಿ ಕಳಿಸಿದೆ. ಅದು ಸುಳ್ಳು. ಮಗು ಗಟ್ಟಿಯಾಗಿಯೇ ಇತ್ತು. ನಿನ್ನ ಮುಂದೆ ಅವಳನ್ನು ತಂದು ನಿಲ್ಲಿಸಲು ನನಗೆ ಮುಖವಿರಲಿಲ್ಲ. ಯಾಕೆ ಎಂದು ಹೇಳುವ ಮೊದಲು ಪಿಸ್ತೂಲಿನ ವಿಷಯ ಹೇಳಬೇಕು. ಸಿಟ್ಟು ಮಾಡಿಕೊಳ್ಳದೆ ಓದು.

ಶನಿವಾರ ಭಾನುವಾರ ಸ್ಕೂಲಿನ ಆಟೋಟದ ಕೆಲಸ ಎಂದು ನಿನಗೆ ಹೇಳುತ್ತಿದ್ದೆನಲ್ಲ, ಅದೂ ಪೂರ್ತಿ ನಿಜವಲ್ಲ. ಇಲ್ಲಿಯ ಕಾಫಿ ಬೆಳೆಗಾರರು ಸೇರಿ ಒಂದು ಶೂಟಿಂಗ್ ಕ್ಲಬ್ ನಡೆಸುತ್ತಾರೆ. ಊರಾಚೆ ಒಂದು ಎಸ್ಟೇಟಿನ ಹಳೆಯ ಕಲ್ಲುಕ್ವಾರಿಯಲ್ಲಿ ಗುರಿ ಹಲಗೆ ನಿಲ್ಲಿಸಿದ್ದಾರೆ. ಕಾಲೇಜಿನ ಎನ್‌ಸಿಸಿಯಲ್ಲಿ ನಾನು ರೈಫಲ್ ಹಿಡಿದವಳು, ಈಗ ಡ್ರಿಲ್ ಟೀಚರ್ ಬೇರೆ. ಹೆಂಗಸರ ಪಿಸ್ತೂಲ್ ವಿಭಾಗ ಶುರು ಮಾಡಿದಾಗ ನನ್ನನ್ನೂ ಕರೆದರು. ಅರ್ಚಕರ ಮಗಳಿಗೆ ಕೋವಿಯ ಸಹವಾಸ ಯಾಕೆ ಎಂದು ನೀನು ಎನ್‌ಸಿಸಿ ಕಾಲದಲ್ಲೇ ಊಟ ಬಿಟ್ಟಿದ್ದೆ. ಅದಕ್ಕೇ ಹೇಳಲಿಲ್ಲ. ಇದು ಹಂದಿ ಹೊಡೆಯುವ ಕೋವಿಯಲ್ಲಮ್ಮ. ಗುಂಡು ನನ್ನ ಕಿರುಬೆರಳಿಗಿಂತ ಸಣ್ಣದು. ಅದರ ತಳದ ಅಂಚಿಗೆ ಪಿಸ್ತೂಲಿನೊಳಗಿನ ಸೂಜಿ ಬಡಿದರೆ ಚಟ್ ಎಂದು ಹಾರಿ ಕಾಗದದಲ್ಲಿ ಒಂದು ತೂತು ಮಾಡುತ್ತದೆ. ಅಷ್ಟೇ.

ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ರಾಜ್ಯಮಟ್ಟದ ಸ್ಪರ್ಧೆ. ಕ್ಲಬ್ಬಿನಿಂದ ಇಬ್ಬರು ಹೆಂಗಸರಿಗೆ ಅವಕಾಶ. ಯಾರ್ಯಾರು ಯಾವ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುತ್ತೀರಿ ಎಂದು ಮೊದಲೇ ಆರಿಸಿಕೊಳ್ಳಿ ಎಂದು ಸೆಕ್ರೆಟರಿ ರೇಣುಕಪ್ರಸಾದ್ ಅವರು ಡಿಸೆಂಬರಿನಲ್ಲಿ ಮೂರು ಪಿಸ್ತೂಲುಗಳನ್ನು ಮೇಜಿನ ಮೇಲಿಟ್ಟರು. ಒಂದು ಹೊರದೇಶದ್ದು, ಹೊಸದು. ಅದರ ಮರದ ಹಿಡಿಯನ್ನು ಬೆರಳು ಬೆರಳಿಗೂ ಗುಳಿ ಕೊರೆದು, ಅಂಗೈಗೆ ಆನಿಕೆ ಇಟ್ಟು ಕೆತ್ತಿದ್ದಾರೆ. ಇನ್ನೊಂದು ಉದ್ದ ನಳಿಗೆಯದು, ಎತ್ತಿ ಹಿಡಿದರೆ ತೋಳು ಇಳಿಯುವಷ್ಟು ಭಾರ. ಮೂರನೆಯದು ಹಳೆಯದು. ಬಣ್ಣ ಮಾಸಿದೆ, ಹಿಡಿ ಎರಡೂ ಕಡೆ ಒಂದೇ ಸಮ ಚಪ್ಪಟೆ. ಅದನ್ನು ಯಾರೂ ಮುಟ್ಟಲಿಲ್ಲ. ಎಲ್ಲರ ಕಣ್ಣೂ ಹೊಸದರ ಮೇಲೆ.

"ಪಂಚಮಿ ಮೇಡಂ, ನೀವು ಇದನ್ನೇ ಹಿಡ್ಕೊಳ್ಳಿ. ನಿಮ್ಮ ಕೈ ನೋಡೇ ಕೆತ್ತಿದ ಹಾಗಿದೆ" ಎಂದರು ರೇಣುಕಪ್ರಸಾದ್.

ಬಲಗೈಯಲ್ಲಿ ಹಿಡಿದೆ. ನಿಜವಾಗಿಯೂ ಕೈಗವಸಿನ ಹಾಗೆ ಕೂತಿತು. ಆದರೆ ಪಿಸ್ತೂಲನ್ನು ಒಂದೇ ಕೈಯಲ್ಲಿ ನೆಟ್ಟಗೆ ಚಾಚಿ ಹೊಡೆಯಬೇಕು. ನನ್ನ ಬಲಗೈಗೂ ಎಡಗಣ್ಣಿಗೂ ಆಗ ಜಗಳವೇ. ಗುರಿ ನೋಡುವುದು ಎಡಗಣ್ಣು, ಟ್ರಿಗರ್ ಎಳೆಯುವುದು ಬಲಗೈ. ಗುಂಡುಗಳೆಲ್ಲ ಕಪ್ಪು ವೃತ್ತ ಬಿಟ್ಟು ಬಿಳಿ ಕಾಗದದ ತುಂಬ ಚೆಲ್ಲಾಪಿಲ್ಲಿ. ಅದನ್ನೇ ಎಡಗೈಯಲ್ಲಿ ಹಿಡಿಯೋಣವೆಂದರೆ ಬಲಗೈಯವರಿಗೆ ಕೆತ್ತಿದ ಹಿಡಿ, ಉಬ್ಬಿರಬೇಕಾದ ಕಡೆ ಗುಳಿ, ಗುಳಿ ಇರಬೇಕಾದ ಕಡೆ ಉಬ್ಬು.

ಒಂದು ದಿನ ಉಳಿದವರು ಶೆಡ್ಡಿನ ಹತ್ತಿರ ಕಾಫಿ ಕುಡಿಯುತ್ತಿದ್ದಾಗ ಆ ಹಳೆಯದನ್ನು ಎಡಗೈಯಲ್ಲಿ ತೆಗೆದುಕೊಂಡೆ. ಹೇಗೆ ಹೇಳಲಮ್ಮ? ಎಷ್ಟೋ ವರ್ಷ ಬೇರೆಯವರ ಚಪ್ಪಲಿ ಹಾಕಿ ನಡೆದು ಬರಿಗಾಲಲ್ಲಿ ಹುಲ್ಲು ಮೆಟ್ಟಿದ ಹಾಗಾಯಿತು. ಒಂದು ಮ್ಯಾಗಜಿನ್ನಿನ ಗುಂಡುಗಳನ್ನೆಲ್ಲ ಹೊಡೆದು ಮುಗಿಸಿ ದುರ್ಬೀನಿನಲ್ಲಿ ನೋಡಿದರೆ ತೂತುಗಳೆಲ್ಲ ಕಪ್ಪಿನೊಳಗೆ, ಒತ್ತೊತ್ತಾಗಿ. ಆಗಲೇ ಹಿಂದಿನಿಂದ ಯಾರೋ ನಡೆದು ಬರುವ ಸದ್ದಾಯಿತು. ಕದ್ದವಳ ಹಾಗೆ ಅದನ್ನು ಮೇಜಿನ ಮೇಲಿಟ್ಟು ಎಡಗೈಯನ್ನು ಜೇಬಿಗೆ ತುರುಕಿದೆ. ಆ ಕಾಗದವನ್ನು ಹರಿದು ಹಾಕಿದೆ. ಆಮೇಲೆ ಎಲ್ಲರ ಎದುರು, "ನನಗೆ ಹೊಸ ಪಿಸ್ತೂಲೇ ಇಷ್ಟ, ಅದರ ಹಿಡಿತವೇ ಬೇರೆ" ಎಂದು ದೊಡ್ಡದಾಗಿ ಹೊಗಳಿದೆ.

ಯಾಕೆ ಹೀಗೆ ಮಾಡಿದೆ ಎಂದು ನಿನಗೆ ಗೊತ್ತು. ದೇವಸ್ಥಾನದ ಪಂಕ್ತಿಯಲ್ಲಿ ನಾನು ಎಡಗೈ ಎಲೆಗೆ ಹಾಕಿದಾಗೆಲ್ಲ ನೀನು ಸೌಟಿನ ಹಿಡಿಯಿಂದ ಗೆಣ್ಣಿಗೆ ಬಡಿಯುತ್ತಿದ್ದೆ. "ನಾಲ್ಕು ಜನರ ಮುಂದೆ ಮಾನ ಕಳೀಬೇಡ" ಎನ್ನುತ್ತಿದ್ದೆ. ಸ್ಲೇಟಿನ ಮೇಲೆ ಬಲಗೈಯಲ್ಲಿ ಬರೆಯುವ ತನಕ ತಿಂಡಿ ಕೊಡುತ್ತಿರಲಿಲ್ಲ. ನಾನು ಕಲಿತೆ. ಎಡಗೈ ಇದೆಯೆಂಬುದೇ ಒಂದು ಮುಚ್ಚಿಡುವ ವಿಷಯ ಎಂದು ಕಲಿತೆ.

ಈಗ ಗಾನಶ್ರೀ ವಿಷಯ. ಹುಣ್ಣಿಮೆಯ ದಿನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದೆವು. ಇವರ ಸ್ಕೂಲಿನವರು, ಬೀದಿಯವರು, ಎಲ್ಲ ಬಂದಿದ್ದರು. ಮಗು ತೀರ್ಥಕ್ಕೆ ಎಡಗೈ ಚಾಚಿತು. ಯಾರೋ ಒಬ್ಬರು, "ಅಯ್ಯೋ, ಇದು ಎಡಚಿಯಾ?" ಎಂದು ನಕ್ಕರು. ಅವರು ನಕ್ಕದ್ದು ಮಗುವಿನ ಮೇಲೆ. ಉರಿದದ್ದು ನನಗೆ. ಅವಳನ್ನು ಒಳಗೆ ಎಳೆದುಕೊಂಡು ಹೋಗಿ, ಅವಳ ಅಪ್ಪನ ಸ್ಟೀಲ್ ಸ್ಕೇಲಿನಿಂದ ಆ ಕೈಗೆ ಹೊಡೆದೆ. "ನಾಲ್ಕು ಜನರ ಮುಂದೆ ಮಾನ ಕಳೀಬೇಡ" ಎಂದೆ. ಮಾತು ನಿನ್ನದು, ದನಿಯೂ ನಿನ್ನದೇ. ಬಾಯಿ ಮಾತ್ರ ನನ್ನದು.

ಅವಳು ಅಳಲಿಲ್ಲ. ಹೊರಗೆ ಬಂದು ಚಾಪೆಯ ಮೇಲೆ ಎಡಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು, ಅದರ ಮೇಲೇ ಕೂತುಬಿಟ್ಟಳು. ಎಲ್ಲರೂ ಹೋಗುವ ತನಕ ಹಾಗೇ ಕೂತಿದ್ದಳು. ಮರುದಿನದಿಂದ ನಾನು ನೋಡುತ್ತಿದ್ದೇನೆ ಎಂದು ಗೊತ್ತಾದರೆ ಸಾಕು, ಚಮಚ ಬಲಗೈಗೆ ಬದಲಾಗುತ್ತಿತ್ತು. ಈ ಅವಸ್ಥೆಯಲ್ಲಿ ಅವಳನ್ನು ಸಂಕ್ರಾಂತಿಗೆ ಕರೆತಂದರೆ, "ಸದ್ಯ, ಸರಿಹೋದಳಲ್ಲ" ಎಂದು ನೀನು ಸಂತೋಷಪಡುತ್ತೀಯೇನೋ ಎಂದು ಹೆದರಿದೆ. ನೀನು ನನ್ನನ್ನು ಹೊಗಳಿದರೆ ನಾನು ತಡೆದುಕೊಳ್ಳುತ್ತಿರಲಿಲ್ಲ.

ನಿನ್ನೆ ಭಾನುವಾರ ಆಯ್ಕೆ ಪಂದ್ಯವಿತ್ತು. ಗಾನಶ್ರೀಯನ್ನೂ ಕರೆದುಕೊಂಡು ಹೋಗಿ, ಕಿವಿಗೆ ಹತ್ತಿ ತುಂಬಿ, ಹಗ್ಗದ ಹಿಂದೆ ಕೂರಿಸಿದೆ. ನನ್ನ ಸರದಿ ಬಂದಾಗ ರೇಣುಕಪ್ರಸಾದ್ ಹೊಸ ಪಿಸ್ತೂಲನ್ನು ಮುಂದಿಟ್ಟರು. ಇದು ಬೇಡ, ಹಳೆಯದು ಕೊಡಿ ಎಂದೆ. "ಯಾಕೆ ಮೇಡಂ? ನಿಮಗೆ ಇದೇ ಫೇವರಿಟ್ ಅಲ್ವಾ?" ಎಂದರು. ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು.

"ಅಲ್ಲ. ನಾನು ಎಡಗೈಯವಳು" ಎಂದೆ.

ಈ ವಯಸ್ಸಿಗೆ ಆ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಯಾರೋ ಹಿಂದೆ ಕಿಸಕ್ಕೆಂದರು. ರೇಣುಕಪ್ರಸಾದ್ ಮಾತ್ರ ಹಳೆಯದನ್ನು ಎತ್ತಿಕೊಟ್ಟು, "ಇಷ್ಟೇಯಾ ಮಾರಾಯ್ರೇ? ಮೊದಲೇ ಹೇಳೋದಲ್ವಾ" ಎಂದರು. ಇಷ್ಟು ವರ್ಷ ಬೆವರಿದ್ದು ಇಷ್ಟೇ ಮಾತಿಗಾ ಎಂದು ಆಗ ಇನ್ನೂ ನಾಚಿಕೆಯಾಯಿತು.

ನಾನು ಗೆಲ್ಲಲಿಲ್ಲ. ಅಭ್ಯಾಸವಿಲ್ಲದ ಎಡತೋಳು ಕೊನೆಕೊನೆಗೆ ನಡುಗಿತು, ಮೂರನೆಯವಳಾದೆ. ಎಸ್ಟೇಟಿನ ಸೌಮ್ಯ ಮತ್ತು ರುದ್ರಾಣಿ ಬೆಂಗಳೂರಿಗೆ ಹೋಗುತ್ತಾರೆ. ಡಿಸೆಂಬರಿನಲ್ಲೇ ನಿಜ ಹೇಳಿದ್ದರೆ ಹೋಗುತ್ತಿದ್ದೆನೋ ಏನೋ. ಇನ್ನು ಮುಂದೆ ಆ ಹಳೆಯದೇ ನನ್ನದು. ಎಣ್ಣೆ ಹಾಕಿ ಒರೆಸಿ ಇಟ್ಟು ಬಂದಿದ್ದೇನೆ.

ವಾಪಸು ಬರುವಾಗ ಜೀಪಿನಲ್ಲಿ ಗಾನಶ್ರೀ ನನ್ನ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅಮ್ಮ, ಈಗ ನಿಂಗೆ ಯಾರು ಹೊಡೀತಾರೆ?"

ತಪ್ಪಾಯಿತು ಪುಟ್ಟಿ ಎಂದು ಮನೆಗೆ ಬಂದ ಮೇಲೆ ಹೇಳಿದೆ. ಆಗಲಿ ಎಂದು ತಲೆಯಾಡಿಸಿದಳು. ಆದರೆ ರಾತ್ರಿ ಊಟಕ್ಕೆ ಕೂತಾಗ ತಟ್ಟೆಗೆ ಕೈ ಹಾಕುವ ಮೊದಲು ನನ್ನ ಮುಖ ನೋಡಿದಳು. ಆ ನೋಟ ಯಾವಾಗ ಹೋಗುತ್ತದೋ ಗೊತ್ತಿಲ್ಲ.

ಅದಕ್ಕೇ ಅಮ್ಮ, ಕೇಳಿಕೊಳ್ಳುತ್ತಿದ್ದೇನೆ, ಕೇಳಿಕೊಳ್ಳುವುದು ಮಾತ್ರವಲ್ಲ, ಹೇಳುತ್ತಿದ್ದೇನೆ. ನಾವು ಬಂದಾಗ ಅವಳು ಯಾವ ಕೈಯಲ್ಲಿ ಉಂಡರೂ ನೀನು ಒಂದು ಮಾತೂ ಆಡಬಾರದು. ಕಣ್ಣಿನಲ್ಲೂ ಗದರಬಾರದು. ಅದು ನಿನ್ನಿಂದ ಆಗದಿದ್ದರೆ ನಾವು ಬರುವುದಿಲ್ಲ. ತಾಯಿಗೆ ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ಮಗಳ ಮುಂದೆ ಅದಕ್ಕಿಂತ ಹೆಚ್ಚು ನಾಚಿಕೆಪಡಬೇಕಾಗುತ್ತದೆ.

ನಿನ್ನ ಮಗಳು,
ಪಂಚಮಿ

ಮತ್ತೆ ಬರೆದದ್ದು (ಗುರುವಾರ): ಕಾಗದ ಇನ್ನೂ ಡಬ್ಬಿಗೆ ಹಾಕಿರಲಿಲ್ಲ. ಇವತ್ತು ಬೆಳಿಗ್ಗೆ ಅಪ್ಪಯ್ಯ ತಾಲ್ಲೂಕು ಆಫೀಸಿನ ಕೆಲಸಕ್ಕೆ ಬಂದವರು ಊಟಕ್ಕೆ ಮನೆಗೆ ಬಂದರು. ಗಾನಶ್ರೀ ಎಡಗೈಯಲ್ಲಿ ಅನ್ನ ಕಲಸುವುದನ್ನು ನೋಡಿದರು. ನನ್ನ ಕಡೆ ತಿರುಗಿ, "ನಿನ್ನಮ್ಮನೂ ಎಡಗೈಯವಳೇ ಕಣೇ" ಎಂದರು. ಮದುವೆಗೆ ಮೊದಲು ಕಳಸದ ಕಡೆಯ ಗಂಡಿನವರು ನಿನ್ನನ್ನು ನೋಡಲು ಬಂದಿದ್ದರಂತೆ. ನೀನು ಎಡಗೈಯಲ್ಲಿ ಕಾಫಿ ಲೋಟ ಚಾಚಿದೆಯೆಂದು ಕುಡಿಯದೆ ಎದ್ದು ಹೋದರಂತೆ. ಅಜ್ಜ ಆ ಕೈಗೆ ಬಟ್ಟೆ ಸುತ್ತಿ ಬಿಗಿದು ಕಟ್ಟಿ, ಮುಂದಿನ ಸಂಬಂಧ ಕುದುರುವ ತನಕ ಬಿಚ್ಚಲಿಲ್ಲವಂತೆ. ನನಗೆ ಒಂದು ದಿನವೂ ಹೇಳಲಿಲ್ಲವಲ್ಲ ನೀನು. ನನಗೆ ಹೊಡೆಯುವಾಗ ನಿನಗೆ ಎಷ್ಟು ಹೆದರಿಕೆಯಾಗಿರಬೇಕು! ಮೇಲೆ ಬರೆದದ್ದನ್ನು ಹರಿಯಬೇಕೆನಿಸಿತು, ಹರಿಯಲಿಲ್ಲ. ಅದೂ ನಿಜ, ಇದೂ ನಿಜ. ಭಾನುವಾರ ಬಸ್ಸಿಗೆ ಬರುತ್ತೇವೆ. ನೀನು ಯಾವ ಕೈಯಲ್ಲಿ ಬಡಿಸಿದರೂ ಉಣ್ಣುತ್ತೇವೆ, ಅಮ್ಮ.